ಹೂವು ಬಿದ್ದ ಕಣ್ಣು

ಮೊದಲು ಮೀಸೆ, ಆಮೇಲೆ ಮೂಗು, ಮಂಚದ ಕೆಳಗಿನ ಕತ್ತಲಿನಿಂದ ಬೂದು ತಲೆಯೊಂದು ಅರ್ಧ ಹೊರಬಂದು ಹಾಲಿನ ಬಟ್ಟಲಿನ ಮುಂದೆ ನಿಂತಿದೆ, ಬಲಗಣ್ಣಿನ ಮೂಲೆಯಲ್ಲಿ ಹಳದಿ ಗೀಜು, ಅದರ ಒಳಗೆ ಬಿಳಿ ಪೊರೆ, ಯಾರೋ ಅರ್ಧಕ್ಕೆ ಎಳೆದು ಮರೆತ ಪರದೆಯ ಹಾಗೆ — ಉಸಿರು ಬಿಗಿಹಿಡಿಯಬಾರದು, ಬಿಗಿಹಿಡಿದರೆ ಅದಕ್ಕೆ ತಿಳಿದುಬಿಡುತ್ತದೆ, ಸುಮ್ನೆ ಮನೇಲಿ ಕೂತವರ ಹಾಗೆ ಕೂತ್ಕೋ ಅಣ್ಣ ಎಂದಿದ್ದಾಳೆ ದಾಕ್ಷಾಯಣಿ, ಸುಮ್ಮನೆ ಮನೆಯಲ್ಲಿ ಕೂತವರು ಹೇಗೆ ಕೂತಿರುತ್ತಾರೆ ಎಂಬುದೇ ಷಡಕ್ಷರಪ್ಪನಿಗೆ ನೆನಪಾಗುತ್ತಿಲ್ಲ, ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಕೋಟೆ ಬೀದಿಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿದ್ದಾನೆ, ಬಲ ಮುಷ್ಟಿಯೊಳಗೆ ಔಷಧಿ ತುಂಬಿದ ಡ್ರಾಪರ್, ತಣ್ಣಗಿದ್ದರೆ ಬೆಕ್ಕು ಬೆಚ್ಚುತ್ತದೆ, ಮೈಯ ಬಿಸಿಗೆ ಬರಲಿ ಎಂದು ಹತ್ತು ನಿಮಿಷದಿಂದ ಹಿಡಿದಿದ್ದಾನೆ, ಹೆಬ್ಬೆರಳು ತಾನಾಗಿಯೇ ಗಾಜಿನ ತುದಿಯನ್ನು ಸವರುತ್ತದೆ, ನುಣುಪು, ಮತ್ತೆ ಸವರುತ್ತದೆ, ನುಣುಪು. ಮಂಗಳವಾರ ಇದೇ ಪ್ರಾಣಿ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಲ್ಯಾಬಿನ ಹಿಂದೆ, ಕುಲುಮೆಯಿಂದ ತಂದು ಸುರಿದ ಕಿಟ್ಟದ ರಾಶಿಯ ಮೇಲೆ ಬೆಚ್ಚಗೆ ಮುದುಡಿತ್ತು, ಕಣ್ಣು ಅಂಟಿಹೋಗಿತ್ತು, ಟವೆಲು ಮುಚ್ಚಿದ ಬಿದಿರು ಬುಟ್ಟಿಯಲ್ಲಿ ಅದನ್ನು ಸಂಜೆಯ ರೈಲಿಗೆ ಹತ್ತಿಸುವಾಗ ಜೊತೆಯ ಕೆಮಿಸ್ಟ್ ಲಕ್ಷ್ಮೀಕಾಂತ ನಕ್ಕಿದ್ದ, ಏನ್ರೀ ಷಡಕ್ಷರಪ್ಪ, ಕಬ್ಬಿಣದಲ್ಲಿ ಇಂಗಾಲ ಎಷ್ಟಿದೆ ಅಂತ ನೋಡ್ತಿದ್ದೋರು ಬೆಕ್ಕಿನ ಕಣ್ಣಲ್ಲಿ ಗೀಜು ಎಷ್ಟಿದೆ ಅಂತ ನೋಡೋಕೆ ಹೊರಟ್ರಾ, ಇವನು ತಂಗಿಗೆ ಬೇಕಂತೆ ಅಂದ, ಸುಳ್ಳು, ದಾಕ್ಷಿ ಬೆಕ್ಕು ಕೇಳಿರಲೇ ಇಲ್ಲ. ಕೇಳದಿದ್ದರೂ ಬುಟ್ಟಿಯ ಟವೆಲು ಸರಿಸಿ ನೋಡಿದವಳೇ ಹೆಸರಿಟ್ಟಳು, ಕಿಟ್ಟ, ಪಕ್ಕದ ಮನೆಯ ವಿಶಾಲಮ್ಮನಿಗೆ ಅದೊಂದು ತಮಾಷೆ, ಲಿಂಗವಂತರ ಮನೇಲಿ ಕೃಷ್ಣ ಅವತಾರ ಎತ್ತಿದ್ನೇನೇ ಮಾರಾಯ್ತಿ, ಕೃಷ್ಣನೂ ಅಲ್ಲ ಯಾರೂ ಅಲ್ಲ ವಿಶಾಲಮ್ಮ, ಕಬ್ಬಿಣ ಕರಗಿ ಹೋದ್ಮೇಲೆ ಉಳಿಯುತ್ತಲ್ಲ ಕಸ, ಆ ಕಿಟ್ಟ ಎಂದು ದಾಕ್ಷಿ ನಗುತ್ತಾಳೆ, ನಗುವಾಗ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತಾಳೆ, ಎಡಗಣ್ಣು ನೆರಳಿಗೆ ಹೋಗಲಿ ಎಂದು, ಏಳನೆಯ ವಯಸ್ಸಿನಿಂದ ಹಾಗೆಯೇ, ಈಗ ಇಪ್ಪತ್ತು.

ನಾಲ್ಕು ದಿನವಾಯಿತು, ನಾಲ್ಕು ದಿನದಿಂದ ಮಂಚದ ಕೆಳಗೇ ಇದೆ, ಹಿಡಿಯೋಕೆ ಹೋಗ್ಬೇಡ, ಅದೇ ಬರ್ಲಿ ಎಂದಳು ದಾಕ್ಷಿ, ಮೊದಲ ದಿನ ಅವಳು ಹಾಲಿಟ್ಟು ಎದ್ದುಹೋದಳು, ಎರಡನೆಯ ದಿನ ಹಾಲಿಟ್ಟು ಅಲ್ಲೇ ಕೂತು ಶಾಲೆಯ ಮಕ್ಕಳ ಕಾಪಿ ತಿದ್ದಿದಳು, ಮೂರನೆಯ ದಿನ ಬೋರಿಕ್ ನೀರಿನಲ್ಲಿ ಅದ್ದಿದ ಹಳೆ ಸೀರೆಯ ತುಂಡನ್ನು ಕೆನ್ನೆಗೆ ಒಂದೇ ಒಂದು ಸಲ ತಾಗಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು, ಇವತ್ತಿಗೆ ಇಷ್ಟು ಸಾಕು ಎಂದಳು ಬೆಕ್ಕಿಗೆ, ನಿನ್ನೆ ಇನ್ನೊಂದು ಸಲ, ಕಣ್ಣಿನ ಮೂಲೆಯ ತನಕ. ಷಡಕ್ಷರಪ್ಪ ಒಂದು ಹಾಳೆಯಲ್ಲಿ ದಿನ, ಹೊತ್ತು, ಗೀಜಿನ ಬಣ್ಣ ಬರೆದಿಟ್ಟಿದ್ದಾನೆ, ಬರೆದಿಡುವುದು ಅವನಿಗೆ ಬರುತ್ತದೆ, ಕಾಯುವುದು ಬರುವುದಿಲ್ಲ. ಮಂಗಳವಾರ ರೈಲಿಳಿದು ನೇರ ಹೋದ ದನದ ಆಸ್ಪತ್ರೆಯಲ್ಲಿ ಡಾಕ್ಟರು ದಿನಕ್ಕೆ ಮೂರು ಸಲ ಎರಡೆರಡು ತೊಟ್ಟು ಎಂದಿದ್ದರು, ಪರಚೋಕೆ ಬಂದ್ರೆ ಗೋಣಿಚೀಲದಲ್ಲಿ ಸುತ್ತಿ ತಲೆ ಮಾತ್ರ ಹೊರಗಿಟ್ಟು ಇಬ್ಬರು ಹಿಡ್ಕೊಳ್ಳಿ ಸಾರ್, ಐದು ನಿಮಿಷದ ಕೆಲಸ — ಹೂಂ ಎಂದು ಬುಟ್ಟಿ ಎತ್ತಿಕೊಂಡು ಗಾಂಧಿ ಬಜಾರಿನ ಜನದ ನಡುವೆ ಬರುವಾಗ ಕಿವಿಯಲ್ಲಿ ಅದೇ ಮಾತು, ತಲೆ ಮಾತ್ರ ಹೊರಗೆ, ಆವತ್ತು ಗೋಣಿಚೀಲವಲ್ಲ, ಜಮಖಾನ, ಕೆಂಪು ನೀಲಿ ಪಟ್ಟೆ, ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ, ಅವನಿಗೆ ಹತ್ತೊಂಬತ್ತು, ಮೈಸೂರಿನಿಂದ ರಜೆಗೆ ಬಂದಿದ್ದಾನೆ, ಮನೆಯಲ್ಲಿ ಕಣ್ಣುಬೇನೆ, ಏಳು ವರ್ಷದ ದಾಕ್ಷಿಯ ಎರಡು ಕಣ್ಣೂ ಕೆಂಪು, ಅಜ್ಜಿ ಕಾಶಮ್ಮ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಹಾಕಿ ಮಗುವಿನ ಮುಚ್ಚಿದ ರೆಪ್ಪೆಗಳ ಮೇಲೆ ಇಡುತ್ತಿದ್ದಾಳೆ, ತಣ್ಣಗಾಯ್ತಾ ಪುಟ್ಟಿ, ಹೂಂ ಅಜ್ಜಿ, ಇನ್ನೊಂದು ಇಡ್ಲಾ, ಹೂಂ. ಅವನಿಗೆ ಸಿಟ್ಟು, ಡಿಸ್ಪೆನ್ಸರಿಯಿಂದ ಔಷಧಿ ತಂದ, ಕಾಲೇಜಿನಿಂದ ತಂದಿದ್ದ ಡ್ರಾಪರನ್ನು ಟ್ರಂಕಿನಿಂದ ತೆಗೆದ, ಮಗು ಗಾಜು ಕಂಡು ಓಡಿತು, ಹಿಡಿದು ತಂದರು, ಜಮಖಾನದಲ್ಲಿ ಸುತ್ತಿದರು, ಕಾಲನ್ನು ಅಪ್ಪ, ಭುಜವನ್ನು ಸೋದರಮಾವ, ತಲೆಯನ್ನು ಇವನ ಮೊಣಕಾಲುಗಳು, ಬಾಗಿಲಲ್ಲಿ ಹೂವಿನ ಬಟ್ಟಲು ಹಿಡಿದ ಅಜ್ಜಿ, ಬೇಡ ಕಣೋ ಮಗಾ, ಅದು ಹೆದರಿದೆ, ಹೆದರಿದ ಕಣ್ಣಿಗೆ ಔಷಧಿ ಹಿಡಿಯಲ್ಲ, ಸ್ವಲ್ಪ ಹೊತ್ತು ಬಿಡು, ತಾನಾಗೇ ಕಣ್ಣು ಬಿಡುತ್ತೆ — ಅಜ್ಜೀ, ಇದು ಸೈನ್ಸು, ನಿನ್ನ ಹೂವಿನ ಪೂಜೆ ಅಲ್ಲ, ಸುಮ್ನಿರು. ಎಡಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಅಗಲಿಸಿದ, ಮಗು ತಲೆ ಒದರಿತು, ಗಾಜಿಗೆ ಏನೋ ಮೆತ್ತಗೆ ತಾಗಿತು, ಅಷ್ಟೇ, ಅಷ್ಟಕ್ಕೆ ಅಂಥ ಕೂಗು. ಆಮೇಲೆ ಬಚ್ಚಲಲ್ಲಿ ಡ್ರಾಪರ್ ತೊಳೆದು ಬೆಳಕಿಗೆ ಹಿಡಿದಾಗ ಕಂಡಿತು, ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಗಾಜು ಇರಲಿಲ್ಲ, ಉಳಿದ ಅಂಚು ಸೂಜಿಯ ಹಾಗೆ, ಪುಸ್ತಕಗಳ ನಡುವೆ ಟ್ರಂಕಿನಲ್ಲಿ ಯಾವಾಗಲೋ ಒಡೆದಿರಬೇಕು, ನೋಡಿರಲಿಲ್ಲ, ಬಳಸುವ ಮೊದಲು ಗಾಜಿನ ತುದಿ ನೋಡಬೇಕೆಂಬುದು ಪ್ರಯೋಗಶಾಲೆಯ ಮೊದಲ ದಿನದ ಪಾಠ, ನೋಡಿರಲಿಲ್ಲ. ಸಂಜೆ ಹೊಳೆಯ ಮೆಟ್ಟಿಲಿನ ಮೇಲೆ ನಿಂತು ಅದನ್ನು ನೀರಿಗೆ ಎಸೆದ, ತುಂಗೆಯಲ್ಲಿ ಸದ್ದೂ ಆಗಲಿಲ್ಲ.

ಎಡಗಣ್ಣು — ಅಲ್ಲ, ಬೆಕ್ಕಿನದು ಬಲಗಣ್ಣು, ಎಡಗಣ್ಣು ದಾಕ್ಷಿಯದು. ಬೆಕ್ಕು ಹಾಲು ನೆಕ್ಕುತ್ತಿದೆ, ದಾಕ್ಷಿ ಅದರ ಹಿಂದೆ ನೆಲದ ಮೇಲೆ ಕೂತು ಬೆರಳಿನ ಹಿಂಬದಿಯಿಂದ ಬೆನ್ನು ಸವರುತ್ತಿದ್ದಾಳೆ, ನೆಕ್ಕುವ ಸದ್ದು ಗಡಿಯಾರದ ಸದ್ದಿಗಿಂತ ವೇಗ. ಆವತ್ತಿನಿಂದ ಮೂರನೆಯ ವಾರಕ್ಕೆ ದಾಕ್ಷಿಯ ಆ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ನಿಂತಿತು, ದೊಡ್ಡ ಡಾಕ್ಟರು ನೋಡಿ ಹೂವು ಬಿದ್ದಿದೆ ಅಂದರು, ಕಣ್ಣಿನ ಆ ಕಲೆಗೆ ಎಲ್ಲರೂ ಅನ್ನುವುದೇ ಹಾಗೆ, ಹೂವು ಬಿತ್ತು ಅಂತ, ಏನು ಹಾಕ್ತಿದ್ರಿ ಎಂದು ಕೇಳಿದರು, ನಮ್ಮಮ್ಮ ನಂದಿಬಟ್ಟಲು ಹೂವು ಇಡ್ತಿದ್ರು ಎಂದ ಅಪ್ಪ, ಅಷ್ಟು ಸಾಕಾಯಿತು, ಆಸ್ಪತ್ರೆಯಿಂದ ಕೋಟೆಗೆ ಬರುವಷ್ಟರಲ್ಲಿ ಮಾತು ತಾನೇ ಮಾತಿಗೆ ಗಂಟು ಬಿದ್ದಿತ್ತು, ಹೂವು ಇಟ್ಟಳಂತೆ, ಹೂವು ಬಿತ್ತಂತೆ. ಎಷ್ಟು ಸುಲಭ, ಅದು ಬರೀ ಹೆಸರು, ಗಾಯ ಒಣಗಿ ಉಳಿದ ಕಲೆ ಅದು, ಹೂವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಆ ಮನೆಯಲ್ಲಿ ಹೇಳಬಲ್ಲವನು ಒಬ್ಬನೇ ಇದ್ದ, ಒಂದು ವಾಕ್ಯ, ಗಾಜಿನ ವಿಷಯ ಹೇಳದೆಯೂ ಹೇಳಬಹುದಾಗಿದ್ದ ವಾಕ್ಯ, ಆದರೆ ಹೂವಲ್ಲ ಎಂದರೆ ಮತ್ತೇನು ಎಂದು ಯಾರಾದರೂ ಕೇಳಿಯಾರು, ಅವನು ರಜೆ ಮುಗಿಯುವ ಮೊದಲೇ ಮೈಸೂರಿಗೆ ಹೊರಟ. ಅಜ್ಜಿ ಹಿತ್ತಿಲ ನಂದಿಬಟ್ಟಲು ಗಿಡವನ್ನು ತಾನೇ ಬುಡಸಮೇತ ಕಿತ್ತಳಂತೆ, ಬೇರಿನ ಗುಂಡಿ ಮುಂದಿನ ರಜೆಗೂ ಹಾಗೇ ಇತ್ತು, ಲಿಂಗಪೂಜೆಗೆ ಬಿಳಿ ಹೂವು ಮುಟ್ಟಲಿಲ್ಲ, ಬರೀ ಪತ್ರೆ, ಮತ್ತೆ ಮಗುವಿನ ಮುಖ ಮುಟ್ಟಲಿಲ್ಲ, ಬೆಳಿಗ್ಗೆ ದಾಕ್ಷಿಗೆ ವಿಭೂತಿ ಹಚ್ಚುತ್ತಿದ್ದವಳು ಅವಳೇ, ಈಗ ವಿಭೂತಿಗಟ್ಟಿಯನ್ನು ಇವನ ಕಡೆಗೆ ಚಾಚುತ್ತಾಳೆ, ನೀನು ಹಚ್ಚೋ ಮಗಾ, ನನ್ನ ಕೈ ಬೇಡ, ನಿನ್ನ ಕೈ ಒಳ್ಳೇದು. ಅವನು ಹಚ್ಚಿದ. ಪ್ರತಿ ರಜೆಯಲ್ಲೂ ಹಚ್ಚಿದ, ಆ ಹಣೆಯ ಮೇಲೆ ಮೂರು ಬೆರಳು ಎಳೆಯುವಾಗ ಕೆಳಗೆ ಆ ಬಿಳಿ ಚುಕ್ಕೆ ಅವನನ್ನು ನೋಡುತ್ತಿರಲಿಲ್ಲ, ನೋಡಲು ಅದಕ್ಕೆ ಆಗುತ್ತಿರಲಿಲ್ಲ. ಏಳು ವರ್ಷ. ಅಜ್ಜಿ ಹಾಸಿಗೆ ಹಿಡಿದಾಗ ದಾಕ್ಷಿಯನ್ನು ಹತ್ತಿರ ಕರೆದು ಕೈ ಮುಗಿದಳು, ಹದಿನಾಲ್ಕರ ಹುಡುಗಿಗೆ ಎಂಬತ್ತರ ಮುದುಕಿ, ಇವನು ಬಾಗಿಲಿನಲ್ಲಿದ್ದ, ಅಜ್ಜಿ ಹೂವಿನ ಬಟ್ಟಲು ಹಿಡಿದು ನಿಂತಿದ್ದ ಅದೇ ಬಾಗಿಲು, ಈಗ ಹೇಳಿಬಿಡು, ಈಗ, ಬಸವಳಿದ ಕಣ್ಣು ಇನ್ನೂ ತೆರೆದಿದೆ, ಕಿವಿ ಕೇಳುತ್ತದೆ, ಆಮೇಲೆ ನೀರು ತರುತ್ತೇನೆ ಎಂದು ಅಡುಗೆಮನೆಗೆ ಹೋದ. ಭದ್ರಾವತಿಯ ಲ್ಯಾಬಿನಲ್ಲಿ ಅವನ ಕೈಗೆ ಬಂದ ಪ್ರತಿ ಗಾಜಿನ ತುದಿಯನ್ನೂ ಜ್ವಾಲೆಯಲ್ಲಿ ಕಾಯಿಸಿ ಗುಂಡಗೆ ಮಾಡಿಯೇ ಬಳಸುತ್ತಾನೆ, ಚೂರು ಮುಕ್ಕಾದದ್ದು ಕಂಡರೆ ಒಡೆದು ಬುಟ್ಟಿಗೆ ಹಾಕುತ್ತಾನೆ, ಮನುಷ್ಯ ಅಂದ್ರೆ ಹೀಗಿರಬೇಕು, ಎಷ್ಟು ನೀಟು ಎನ್ನುತ್ತಾನೆ ಲಕ್ಷ್ಮೀಕಾಂತ. ನಿನ್ನೆ ವಿಶಾಲಮ್ಮ ಕಾಂಪೌಂಡಿನ ಮೇಲಿನಿಂದ, ಏನ್ ಬೇಕಾದ್ರೂ ಹಾಕು ಮಾರಾಯ್ತಿ, ನಂದಿಬಟ್ಟಲು ಮಾತ್ರ ಬೇಡ, ನಿಮ್ಮಜ್ಜಿ ಹೂವು ಇಟ್ಟು ಹೂವು ಬೀಳ್ಸಿದ್ದು ಒಂದು ಸಾಲದಾ, ಒಳಗೆ ಇವನು ಓದಿದ ಪೇಪರನ್ನು ನಾಲ್ಕು ಮಡಿಕೆ ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ.

ಈಗ ಬಾ ಎಂದು ದಾಕ್ಷಿ ಕಣ್ಣಲ್ಲೇ ಕರೆಯುತ್ತಾಳೆ, ಬಟ್ಟೆಯಿಂದ ಗೀಜು ಒರೆಸಿ ಆಗಿದೆ, ಮೂಗಿನ ಕಡೆಯಿಂದ ಆಚೆಗೆ, ಒಂದೇ ಎಳೆತ, ಬೆಕ್ಕು ಒಮ್ಮೆ ಕಿವಿ ಹಿಂದಕ್ಕೆ ಮಾಡಿ ಮತ್ತೆ ಹಾಲಿಗೆ ಬಾಗಿತು, ಮುಂದಿನಿಂದ ಬರ್ಬೇಡ ಅಣ್ಣ, ಮುಂದಿನಿಂದ ಬಂದಿದ್ದೆಲ್ಲ ಹೊಡೆಯೋಕೇ ಬರುತ್ತೆ ಅನ್ಕೊಳ್ಳುತ್ತೆ, ನಿಂಗೆ ಹೇಗೆ ಗೊತ್ತು ಎಂದು ಕೇಳಿದ್ದ ಮೊನ್ನೆ, ಗೊತ್ತು ಎಂದಿದ್ದಳು, ಅಷ್ಟೇ. ಮೊಣಕಾಲೂರಿ ಹಿಂದಿನಿಂದ ಸರಿಯುತ್ತಾನೆ, ನೆಲ ತಣ್ಣಗಿದೆ, ಇದೇ ನೆಲ, ಜಮಖಾನ ಹಾಸಿದ್ದು ಇಲ್ಲೇ, ಆ ಕಿಟಕಿಯ ಬೆಳಕು ಬೀಳುವ ಕಡೆ, ದಾಕ್ಷಿಯ ತಲೆ ಈ ಕಡೆಗಿತ್ತು, ಅವನು ಇದ್ದಕ್ಕಿದ್ದಂತೆ ಬಾಯಿ ತೆರೆಯುತ್ತಾನೆ, ದಾಕ್ಷಿ, ಆವತ್ತು ನಾನು — ಶ್, ಈಗ ಮಾತಾಡ್ಬೇಡ, ಬೆದರುತ್ತೆ. ಅವನ ಎದೆಯಿಂದ ಏನೋ ಇಳಿದ ಹಾಗೆ ಹಗುರಾಯಿತು, ಹಗುರಾದದ್ದು ಅರಿವಾಗಿ ಮೈಯೆಲ್ಲ ನಾಚಿತು, ಬೆಕ್ಕಿನ ಹಿಂದೆ ಅಡಗುವ ಗಂಡಸು, ಹದಿಮೂರು ವರ್ಷ ಒಂದಲ್ಲ ಒಂದರ ಹಿಂದೆ, ಮೊದಲು ಹೂವಿನ ಹಿಂದೆ, ಈಗ ಬೆಕ್ಕಿನ ಹಿಂದೆ. ಕೈ ಹುಬ್ಬಿನ ಮೇಲಿನಿಂದ ಬಂತು, ತುದಿ ಕಣ್ಣಿನಿಂದ ಒಂದು ಬೆರಳು ಮೇಲೆ, ತೊಟ್ಟು ತುಂಬಿಕೊಂಡಿತು, ಜೋತಿತು, ಬಿತ್ತು. ಬೆಕ್ಕು ಕಣ್ಣು ಮಿಟುಕಿಸಿತು. ಓಡಲಿಲ್ಲ, ಕೂಗಲಿಲ್ಲ, ಇನ್ನೊಂದು ತೊಟ್ಟು, ತಲೆ ಕೊಡವಿ ಒಂದು ಹನಿ ಇವನ ಮಣಿಕಟ್ಟಿಗೆ ಸಿಡಿಸಿ ಮತ್ತೆ ಬಟ್ಟಲಿಗೆ ಬಾಯಿ ಹಾಕಿತು, ಇಷ್ಟೇನಾ, ಇಷ್ಟೇ ಇತ್ತಾ, ಸ್ವಲ್ಪ ಹೊತ್ತು ಬಿಡು ಎಂದಿದ್ದಳಲ್ಲ, ತಾನಾಗೇ ಕಣ್ಣು ಬಿಡುತ್ತೆ ಎಂದಿದ್ದಳಲ್ಲ. ದಾಕ್ಷಿ ಬಟ್ಟೆಯ ತುಂಡನ್ನು ಬೋರಿಕ್ ನೀರಿನಲ್ಲಿ ಹಿಂಡುತ್ತಿದ್ದಾಳೆ, ಅವನ ಕಡೆ ನೋಡದೆ ಮಾತಾಡುತ್ತಿದ್ದಾಳೆ, ಮೆಲ್ಲಗೆ, ಬೆಕ್ಕಿಗೆ ಹೇಳುವವಳ ಹಾಗೆ, ವಿಶಾಲಮ್ಮ ಸುಮ್ನೆ ಅಂತಾರೆ ಅಣ್ಣ, ಹೂವು ಕಣ್ಣೊಳಗೆ ಹೋಗೇ ಇರ್ಲಿಲ್ಲ, ರೆಪ್ಪೆ ಮೇಲಿತ್ತು, ತಣ್ಣಗೆ, ನಂಗೆ ಚೆನ್ನಾಗಿ ನೆನಪಿದೆ, ಅಜ್ಜಿ ಕೈ ಮುಗಿದ ದಿನ ಅದನ್ನೇ ಹೇಳ್ದೆ, ನೀನು ನೀರು ತರೋಕೆ ಹೋಗಿದ್ದೆ, ಅಜ್ಜೀ ನಿನ್ನ ಹೂವಿಂದ ಅಲ್ಲ ಅಂದೆ, ಅದಕ್ಕೆ ಏನಂದ್ಲು ಗೊತ್ತಾ, ನೀನು ಮಗು, ನಿಂಗೇನ್ ಗೊತ್ತು, ಷಡಕ್ಷರಿ ಓದಿದೋನು, ನನ್ನ ಹೂವಿಂದ ಅಲ್ಲದಿದ್ರೆ ಅವನು ನಂಗೆ ಹೇಳ್ದೆ ಇರ್ತಿದ್ನಾ. ಬಟ್ಟೆಯಿಂದ ನೀರು ಬಟ್ಟಲಿಗೆ ತೊಟ್ಟಿಕ್ಕುತ್ತದೆ, ದಾಕ್ಷಿ ತಲೆ ಎತ್ತಿದ್ದಾಳೆ, ಈ ಸಲ ಮುಖ ತಿರುಗಿಸಿಲ್ಲ, ಎರಡೂ ಕಣ್ಣು ಬೆಳಕಿನಲ್ಲಿವೆ, ಈಗ ಹೇಳು, ಏನೋ ಹೇಳೋಕೆ ಹೊರಟಿದ್ದೆಯಲ್ಲ, ಬೆಕ್ಕಿಗೆ ಹಾಕಿ ಆಯ್ತು, ಇನ್ನು ಮಾತಾಡ್ಬಹುದು. ಅವನು ಕೈಯಲ್ಲಿದ್ದುದನ್ನು ನೋಡುತ್ತಾನೆ, ತಾನೇ ಗುಂಡಗೆ ಮಾಡಿದ ತುದಿ, ಹೆಬ್ಬೆರಳು ಸವರುತ್ತದೆ, ನುಣುಪು, ದಾಕ್ಷಿ ಕಾಯುತ್ತಿದ್ದಾಳೆ, ಕಾಯುವುದು ಅವಳಿಗೆ ಬರುತ್ತದೆ, ಸವರುತ್ತದೆ, ನುಣುಪು, ಮತ್ತೆ, ಮತ್ತೆ ಸವರುತ್ತದೆ, ಅಲ್ಲಿದೆ, ಹೊಳೆಗೆ ಎಸೆದದ್ದೇ, ಅಕ್ಕಿನುಚ್ಚಿನಷ್ಟು, ಅಕ್ಕಿನುಚ್ಚಿನಷ್ಟು ಗಾಜು ಇಲ್ಲದ ಜಾಗ