ಕಡ್ಡಿ ತಣ್ಣಗಾಗುವ ಮುಂಚೆ

ಯಜಮಾನರು ಮೂರನೇ ಸಲ ಅದೇ ಸಾಲನ್ನು ಹೊಡೆದುಹಾಕಿದರು. ಬಸ್ಸು ಓಡಿಸಿ ನಿವೃತ್ತರಾದವರು. ಬರವಣಿಗೆಗೂ ಅವರಿಗೂ ಎಣ್ಣೆ-ಸೀಗೇಕಾಯಿ ಸಂಬಂಧ. ನಡುಮನೆಯಲ್ಲಿ ಹೆಂಡತಿಯನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುತ್ತದೆ, ಅಷ್ಟರೊಳಗೆ ಅಂಗಳದಲ್ಲಿ ಸೇರಿದ ಜನರಿಗೆ ಅವರು ಎರಡು ಮಾತು ಹೇಳಬೇಕಿತ್ತು.

"ಏನ್ ಬರ್ದಿದೀಯ, ತೋರ್ಸು," ಎಂದು ಅವರ ಅಕ್ಕ ಕಾಗದ ಕಿತ್ತುಕೊಂಡರು. ಓದಿ ಮುಖ ಸಿಂಡರಿಸಿದರು. "ಅಯ್ಯೋ, ಇದನ್ನೆಲ್ಲ ನಾಲ್ಕು ಜನರ ಮುಂದೆ ಹೇಳ್ತಾರೇನೋ? ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡ್ತಿದ್ಲು ಅನ್ನು, ಸಾಕು."

"ಮೂವತ್ತೊಂದು ವರ್ಷ ಅದನ್ನೇ ಹೇಳಿದೀನಲ್ಲಕ್ಕ."

"ಇನ್ನೊಂದ್ಸಲ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಕೊನೆಯ ವಾರ ಹೆಂಡತಿ ಕೇಳಿದ್ದು ಇದೊಂದನ್ನೇ: "ರೀ, ಒಂದ್ಸಲನಾದ್ರೂ ನಾನು ಏನ್ ಕೆಲಸ ಮಾಡ್ತಿದ್ದೆ ಅಂತ ಸರಿಯಾಗಿ ಹೇಳಿ." ಅವರು ಹೂಂ ಅಂದಿದ್ದರು.

*

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹೆಂಗಸರ ವಿಭಾಗದಿಂದ ಒಬ್ಬ ರೋಗಿಯ ಸ್ವಾಬ್, ಅಂದರೆ ಹತ್ತಿ ಸುತ್ತಿದ ಕಡ್ಡಿ, ಬಂತು. ಆಕೆ ಟೀ ಕುಡಿದು, ಹರಟೆ ಮುಗಿಸಿ, ಮುಕ್ಕಾಲು ಗಂಟೆಯ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಅಲ್ಲಾಡಲಿಲ್ಲ. "ಸೋಂಕಿಲ್ಲ" ಎಂದು ಬರೆದರು.

ಮೂರು ತಿಂಗಳ ಮೇಲೆ ಅದೇ ಹೆಂಗಸು ಮತ್ತೆ ಬಂದಳು, ಅರ್ಧಕ್ಕೆ ಇಳಿದಿದ್ದಳು. ಅಂಗಡಿಯ ಮುಲಾಮುಗಳೆಲ್ಲ ಆಗಿದ್ದವು. ನಿನಗೇನೂ ಇಲ್ಲ, ಎಲ್ಲ ನಾಟಕ ಎಂದು ಮನೆಯವರೆಲ್ಲ ಅಂದಿದ್ದರು. ಈ ಸಲ ಆಕೆ ಕಡ್ಡಿ ಬೆಚ್ಚಗಿರುವಾಗಲೇ ನೋಡಿದರು. ಬಾಲದ ರೋಗಾಣುಗಳು ಗಾಜಿನ ತುಂಬ ಈಜುತ್ತಿದ್ದವು. ತಣ್ಣಗಾದರೆ ಅವು ಈಜುವುದಿಲ್ಲ, ಈಜದಿದ್ದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಡಾಕ್ಟರು ಆ ಹೆಂಗಸಿಗೂ ಅವಳ ಗಂಡನಿಗೂ ಮಾತ್ರೆ ಕೊಟ್ಟರು, ವಾರದಲ್ಲಿ ವಾಸಿಯಾಯಿತು.

ರೋಗಾಣು ಕಂಡ ದಿನ ಆಕೆ ಮನೆಗೆ ಬಂದು ಊಟ ಮುಟ್ಟಲಿಲ್ಲ. ಮಾರನೇ ದಿನದಿಂದ ಕಡ್ಡಿಯ ನಳಿಕೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು, ಹೆಂಗಸರ ವಿಭಾಗದಿಂದ ಲ್ಯಾಬಿಗೆ ತಾವೇ ಓಡತೊಡಗಿದರು. ಆಸ್ಪತ್ರೆಯಲ್ಲಿ ಎಕ್ಸ್‌ಪ್ರೆಸ್ ಅಕ್ಕ ಎಂಬ ಹೆಸರು ಬಿತ್ತು.

"ಬಸ್ ಓಡಿಸೋನು ನಾನು, ಎಕ್ಸ್‌ಪ್ರೆಸ್ ನೀನಾ?" ಎಂದು ಯಜಮಾನರು ನಗುತ್ತಿದ್ದರು. ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮಾತ್ರ ನಗು ಹಾರಿಹೋಗುತ್ತಿತ್ತು. "ರಕ್ತ ಪರೀಕ್ಷೆ," ಎನ್ನುತ್ತಿದ್ದರು. ಆಕೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

*

ಯಜಮಾನರು ಎದ್ದು ಅಂಗಳದ ಜನರ ಮುಂದೆ ನಿಂತರು. ಕಾಗದ ಅಕ್ಕನ ಕೈಯಲ್ಲೇ ಉಳಿದಿತ್ತು.

"ನನ್ನ ಹೆಂಡ್ತಿ ರಕ್ತ ಪರೀಕ್ಷೆ ಮಾಡ್ತಿರ್ಲಿಲ್ಲ," ಎಂದರು. "ನಾನು ಸುಳ್ಳು ಹೇಳ್ತಿದ್ದೆ. ಹೆಂಗಸ್ರು ಉರಿ, ತುರಿಕೆ, ಬಿಳಿ ಹೋಗುತ್ತೆ ಅಂತ ಬಂದಾಗ, ಯೋನಿಯಿಂದ ಕಡ್ಡಿಯಲ್ಲಿ ತೆಗೆದಿದ್ದನ್ನ ನೋಡಿ ಯಾವ ಸೋಂಕು ಅಂತ ಹೇಳ್ತಿದ್ಲು. ಒಂದೊಂದಕ್ಕೆ ಒಂದೊಂದು ಔಷಧಿಯಂತೆ. ಊಹೆ ಮಾಡಬಾರ್ದು, ನೋಡ್ಬೇಕು ಅಂತಿದ್ಲು. ಸಾವಿರಾರು ಹೆಂಗಸ್ರು ನೆಮ್ಮದಿಯಾಗಿ ಕೂತ್ಕೊಳ್ಳೋ ಹಾಗೆ ಮಾಡಿದ್ಲು. ನಾಚಿಕೆ ಪಟ್ಟಿದ್ದು ನಾನು. ಅವಳಲ್ಲ."

ಒಬ್ಬಿಬ್ಬರು ಗಂಡಸರು ತಮ್ಮ ಚಪ್ಪಲಿ ನೋಡಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಲ್ಯಾಬಿನ ಕಿರಿಯ ಟೆಕ್ನಿಷಿಯನ್ ಹುಡುಗಿ ಮಾತ್ರ ಅಳುತ್ತಲೇ ಜೋರಾಗಿ ಚಪ್ಪಾಳೆ ತಟ್ಟಿ, ತಕ್ಷಣ ನಾಲಿಗೆ ಕಚ್ಚಿಕೊಂಡಳು. ಯಜಮಾನರಿಗೆ ನಗು ಬಂತು. ಇಂಥ ದಿನವೂ ಎದೆ ಹಗುರಾಗಬಹುದೆಂದು ಅವರು ಅಂದುಕೊಂಡಿರಲಿಲ್ಲ.

ಗಾಡಿ ಬಂತು. ಹೆಗಲು ಕೊಡಲು ಬಗ್ಗುವ ಮುಂಚೆ ಅವರು ಒಮ್ಮೆ ಹಿಂದಕ್ಕೆ ನೋಡಿದರು. ಪಕ್ಕದ ಮನೆಯಾಕೆ ಲ್ಯಾಬಿನ ಹುಡುಗಿಯ ಕಿವಿಯ ಹತ್ತಿರ ಬಾಗಿದ್ದರು.

"ಬೆಳಿಗ್ಗೆ ಲ್ಯಾಬ್ ಎಷ್ಟು ಗಂಟೆಗೆ ತೆಗೀತೀರಮ್ಮ?"

"ಎಂಟಕ್ಕೆ ಬನ್ನಿ ಆಂಟಿ. ನಾನೇ ಇರ್ತೀನಿ."

ಅವರ ಹಿಂದೆ ಇನ್ನೊಬ್ಬಾಕೆ ಕಾಯುತ್ತಿದ್ದರು. ಆಕೆಯ ಹಿಂದೆ, ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ, ಅಕ್ಕ ನಿಂತಿದ್ದರು.