ಮುದ್ದೆ ಕಟ್ಟುವ ಕೈ

ಹಳದಿ ಚುಕ್ಕಿ, ಸಾಸಿವೆ ಕಾಳಿನಷ್ಟು, ಗಾಜಿನ ತಟ್ಟೆಯ ಮುಚ್ಚಳದ ಕೆಳಗೆ ಒಂದಕ್ಕೊಂದು ಅಂಟಿಕೊಂಡು ಬೆಳೆದು ಕೈಯ ಆಕಾರವೇ ಆಗಿಬಿಟ್ಟಿದೆ, ಮುಂದಿನ ಬೆಂಚಿನ ಅಂಬುಜಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಕಂಡಿತು, ಹೆಬ್ಬೆರಳು, ತೋರುಬೆರಳು, ನಡುಬೆರಳು, ಆಮೇಲೆ ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ — ಅವ್ವನದು. ಪಕ್ಕದಲ್ಲಿ ಕೂತ ಅವ್ವನಿಗೂ ಕಂಡಿರಬೇಕು, ಬಲಗೈ ಸೆರಗಿನೊಳಗೆ ಹೋಯಿತು. ಹೆಸರು ಇರುವುದಿಲ್ಲ, ನಂಬರ್ ಮಾತ್ರ, ಯಾರೂ ಹೆದರಬೇಡಿ, ಎಂದಿದ್ದರು ಲತಾಮಣಿ ಮೇಡಂ, ಯೂನಿವರ್ಸಿಟಿಯವರು, ಹೋದ ವಾರ ಅವ್ವನೂ ನಾನೂ ಮುದ್ದೆ ಕಟ್ಟುವ ಫ್ಯಾಕ್ಟರಿ ಕ್ಯಾಂಟೀನಿಗೆ ಬಂದು, ಈ ತಟ್ಟೆಗಳಲ್ಲಿ ಹೆಪ್ಪುಗಟ್ಟಿದ ಗಂಜಿಯಂಥದ್ದರ ಮೇಲೆ ಒಬ್ಬೊಬ್ಬರ ಅಂಗೈ ಒತ್ತಿಸಿಕೊಂಡು ಹೋದವರು, ತಣ್ಣಗಿತ್ತು ಅದು, ಕರುವಿನ ಮೂತಿಯ ಹಾಗೆ — ನಂಬರ್ ಸಾಕು ಅಂದುಕೊಂಡರು, ಪಾಪ, ಹಾರೋಹಳ್ಳಿಯಲ್ಲಿ ದಿನಾ ತಟ್ಟೆಗೆ ಮುದ್ದೆ ಇಡುವ ಆ ಮೊಂಡು ಬೆರಳನ್ನು ಯಾರು ನೋಡಿಲ್ಲ. ರೇಷ್ಮೆ ಸೊಪ್ಪು ಕತ್ತರಿಸುವಾಗ ಮಚ್ಚಿಗೆ ಸಿಕ್ಕಿದ್ದು, ನಾನಾಗ ಏಳನೇ ಕ್ಲಾಸು, ಮನೆಯಲ್ಲಿ ಮುದ್ದೆ ತಿರುವುವವರು ಬೇಕಿತ್ತು, ಶಾಲೆ ಅಲ್ಲಿಗೆ ಮುಗಿಯಿತು. ಅಯ್ಯೋ, ಚಿತ್ರಾನ್ನ ಚೆಲ್ದಂಗೈತೆ ಕಣ್ರಮ್ಮಿ, ಅಂಬುಜಮ್ಮ ನಗುತ್ತಾಳೆ, ಇನ್ನೊಮ್ಮೆ ನೋಡುತ್ತಾಳೆ, ನಗು ನಿಲ್ಲುತ್ತದೆ, ತಿರುಗಿ ಅವ್ವನ ಮುಖ ನೋಡಿ ತಟ್ಟೆಯನ್ನು ನನ್ನ ಕೈಗೆ ಇಡುತ್ತಾಳೆ. ಮೇಡಂ ಪಾಠ ನಿಲ್ಲಿಸಿಲ್ಲ, ಬೇಯುವ ಮುದ್ದೆಯಲ್ಲಿ ಏನೂ ಬದುಕುವುದಿಲ್ಲ, ಕಟ್ಟುವಾಗ ಕೈ ಅದ್ದಿಕೊಳ್ಳುತ್ತೀರಲ್ಲ, ಆ ನೀರು, ಅದನ್ನೇ ನಾನು ಇಷ್ಟು ವರ್ಷ ಪರೀಕ್ಷೆ ಮಾಡುತ್ತಿರುವುದು, ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುವುದು, ಒಡೆದ ಗಾಯದಿಂದ ಈ ಹಳದಿ ಕ್ರಿಮಿ ನೀರಿಗೆ ಇಳಿಯುತ್ತೆ, ಮುದ್ದೆಗೆ ಹತ್ತುತ್ತೆ, ಮುದ್ದೆ ಉಗುರುಬೆಚ್ಚಗೆ ಕೂತರೆ ವಿಷ ಬಿಡುತ್ತೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ, ಕೈಯದು ತಪ್ಪಲ್ಲ, ಗಾಯ ಒಣಗುವ ತನಕ ಕೈಗೆ ಬಿಡುವು ಕೊಡಬೇಕು. ಬಿಡುವು — ಬೆಂಚಿನ ತುದಿಯಲ್ಲಿ ನಿಂತಿರುವ ಕಂಟ್ರಾಕ್ಟರ್ ಕೆಂಪರಾಜಣ್ಣನಿಗೆ ಬಿಡುವು ಅಂದರೆ ಕೆಲಸ ಬಿಡಿಸುವುದು, ಎರಡನೇ ಪಾಳಿಯವರು ವಾಂತಿ ಮಾಡಿಕೊಂಡು ಮಲಗಿದಾಗ ಅಡುಗೆಮನೆಯಲ್ಲಿ ಕೂಗಾಡಿದ್ದ, ಯಾರ ಕೈ ಅಂತ ಗೊತ್ತಾಗ್ಲಿ, ಗೇಟಿನಾಚೆಗೆ ಕಳಿಸ್ತೀನಿ. ಅವ್ವನ ಮೊಂಡು ಬೆರಳಿನ ತುದಿ ಆವಿಗೆ ಒಡೆದಿದೆ, ದಿನಾ ಬೆಳಿಗ್ಗೆ ಅರಿಶಿನ ಮೆತ್ತಿಕೊಳ್ಳುತ್ತಾಳೆ, ನಾನು ನೋಡಿಯೂ ನೋಡದ ಹಾಗೆ ಜಡೆ ಹಾಕಿಕೊಳ್ಳುತ್ತೇನೆ. ಇತ್ತ ಕೊಡಮ್ಮಿ, ನೋಡವಾ, ಕೆಂಪರಾಜಣ್ಣನ ಕೈ ಮುಂದೆ ಬಂದಿದೆ, ತಟ್ಟೆ ನನ್ನ ಬೆರಳಿಗೆ ಅಂಟಿದ ಹಾಗೆ, ಯಾರ್ದಮ್ಮಿ ಇದು, ಒಂದು ಬೆರಳು ಗಿಡ್ಡ ಐತೆ — ಅವನ ಕಣ್ಣು ಅವ್ವನ ಸೆರಗಿನ ಕಡೆ ಹೊರಳುವ ಮೊದಲು — ನಂದು, ಎಂದೆ. ಅಷ್ಟು ಜನರ ಮುಂದೆ ನನ್ನ ದನಿ ಬೇರೆ ಯಾರದೋ ಅನ್ನಿಸಿತು, ಒತ್ತುವಾಗ ಬೆರಳು ಮಡಚ್ಕಂಡ್ಬುಟ್ಟೆ ಕಣಣ್ಣ, ತಣ್ಣಗಿತ್ತು, ಹೆದರ್ಕಂಡೆ, ಉಂಗುರದ ಬೆರಳು ಮಡಚಿ ಮುಚ್ಚಳದ ಮೇಲೆ ಕೈ ಇಟ್ಟು ತೋರಿಸಿದೆ, ಸರಿಯಾಗಿ ಕೂತಿತು, ತಾಯಿ ಮಗಳ ಕೈ. ಮೇಡಂ ತಟ್ಟೆಯ ನಂಬರ್ ನೋಡಿದರು, ನನ್ನನ್ನು ನೋಡಿದರು, ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟವರು, ನಂಬರಿನ ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಅವ್ವ ಉಳಿದಳು, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ ನಾನು. ನಾಳೆಯಿಂದ ನೀನು ಬರಬ್ಯಾಡ ಕಣಮ್ಮಿ, ಕೆಂಪರಾಜಣ್ಣ ಹೇಳುತ್ತಿದ್ದಾನೆ, ನಿಮ್ಮವ್ವ ದಾಸಮ್ಮ ಒಬ್ಬಳೇ ಸಾಕು, ಎಲ್ಲ ಮುದ್ದೇನೂ ಅವಳೇ ಕಟ್ಟಲಿ, ಆ ಕೈ ಮ್ಯಾಲೆ ನನಗೆ ನಂಬ್ಕೆ ಐತೆ — ಪಕ್ಕದಲ್ಲಿ ಅವ್ವ ಮೆಲ್ಲಗೆ ಉಸಿರು ಬಿಟ್ಟಳು, ಸೆರಗಿನೊಳಗಿಂದ ಕೈ ಹೊರಗೆ ಬಂತು, ಈಗ ಹೇಳಬೇಕು, ಮೇಡಂ ಅನ್ನಬೇಕು, ಬಂದ ದನಿ ಎಲ್ಲಿ ಹೋಯಿತು, ನಾಳೆ ಒಲೆ, ಆವಿ, ಬೋಗುಣಿಯಲ್ಲಿ ನೀರು, ಅವ್ವ ಅದ್ದುತ್ತಾಳೆ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಆಮೇಲೆ ಅರ್ಧ ಬೆರಳು, ಹಳದಿ, ಅರ್ಧ ಬೆರಳು —