ಪಳಗಿಸಲು ಕೊಟ್ಟ ಬೆಡ್‌ಶೀಟು

ನಮ್ಮಮ್ಮನಿಗೆ ಒಳ್ಳೆಯ ವಸ್ತು ಕೊಡುವುದೂ ಒಂದೇ, ಬಾವಿಗೆ ಎಸೆಯುವುದೂ ಒಂದೇ. ಶಾಲು, ಚಪ್ಪಲಿ, ಪಿಂಗಾಣಿ ಬಟ್ಟಲು, ಏನೇ ತಂದುಕೊಡಿ, "ಚೆನ್ನಾಗಿದೆ ಕಣೇ" ಎಂದು ಒಮ್ಮೆ ಸವರಿ ಕಪಾಟಿನೊಳಗಿಟ್ಟು ಬೀಗ ಹಾಕುತ್ತಾಳೆ. ಆಮೇಲೆ ಅದರ ಮುಖ ಕಂಡವರಿಲ್ಲ. ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳುವ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು ಅವಳು. ಊರವರ ಪೆಟ್ಟಿಗೆ, ಚೀಲ, ಕೊಡೆಗಳನ್ನೆಲ್ಲ ಇಟ್ಟದ್ದು ಇಟ್ಟ ಹಾಗೆ ವಾಪಸು ಕೊಡುವುದೇ ಅವಳ ಕೆಲಸವಾಗಿತ್ತು. ಆ ಅಭ್ಯಾಸ ಅವಳ ಜೊತೆಗೇ ಮನೆಗೆ ಬಂದು ಕೂತಿದೆ. ಜಗತ್ತಿನ ಒಳ್ಳೆಯ ವಸ್ತುಗಳೆಲ್ಲ ಬೇರೆ ಯಾರದೋ, ತಾನು ಬರೀ ಕಾವಲು, ಅಷ್ಟೇ.

ನಾನು ಡ್ರೈವಿಂಗ್ ಕಲಿಸುವವಳು. ಬ್ರೇಕ್ ಎಂದು ಕಿರುಚಿದರೆ ಆಕ್ಸಿಲರೇಟರ್ ಒತ್ತುವವರ ಪಕ್ಕ ದಿನವಿಡೀ ಕೂರುತ್ತೇನೆ. ಇದ್ದಬದ್ದ ತಾಳ್ಮೆಯನ್ನೆಲ್ಲ ಅಲ್ಲೇ ಖರ್ಚು ಮಾಡಿ ಮನೆಗೆ ಬಂದರೆ ಇವಳು.

ಈ ಬೇಸಿಗೆಯಲ್ಲಿ ಅಮ್ಮನ ಬೆನ್ನ ತುಂಬ ಬೆವರುಸಾಲೆ ಎದ್ದಿತು. ಏಳದೆ ಏನು ಮಾಡೀತು? ಅವಳು ಹಾಸಿಕೊಳ್ಳುತ್ತಿದ್ದದ್ದು ಮಿಕ್ಸಿ ಕೊಂಡಾಗ ಉಚಿತವಾಗಿ ಬಂದ ಬೆಡ್‌ಶೀಟು. ಹೊಳಪೋ ಹೊಳಪು, ಕೂತರೆ ಜಾರುಬಂಡೆ. ಅದರ ಮೇಲೆ ಅಷ್ಟೇ ಹೊಳೆಯುವ ನೈಲಾನ್ ಅಂಗಿ ತೊಟ್ಟು ಮಲಗುವುದು. ಕೆಳಗೆ ಪ್ಲಾಸ್ಟಿಕ್, ಮೇಲೆ ಪ್ಲಾಸ್ಟಿಕ್, ನಡುವೆ ನಮ್ಮಮ್ಮ. ರಾತ್ರಿಯೆಲ್ಲ ನಿದ್ದೆಯಿಲ್ಲ, ಹಗಲೆಲ್ಲ ತೂಕಡಿಕೆ. ಒಂದು ಬೆಳಿಗ್ಗೆ ಹಾಗೇ ತೂಕಡಿಸುತ್ತಾ ಮೆಟ್ಟಿಲಿಳಿಯುವಾಗ ಮುಗ್ಗರಿಸಿದಳು. ಕಂಬಿ ಕೈಗೆ ಸಿಕ್ಕಿತು, ಉಳಿದಳು. ಹೆದರಿದಾಗ ನನಗೆ ಬರುವುದು ಸಿಟ್ಟು. ಅವಳನ್ನು ಚೆನ್ನಾಗಿ ಬೈದು, ಕಾರು ತೆಗೆದುಕೊಂಡು ನೇರ ಬಟ್ಟೆ ಅಂಗಡಿಗೆ ಹೋದೆ.

"ಪ್ಯೂರ್ ಲಿನನ್ ಬೆಡ್‌ಶೀಟ್ ತೋರಿಸಿ" ಅಂದೆ.

ಅಂಗಡಿಯವನು ಮಿರಿಮಿರಿ ಮಿಂಚುವ ಒಂದನ್ನು ಹರವಿದ. "ನೂರಕ್ಕೆ ನೂರು ಲಿನನ್ ಮೇಡಂ. ಮುಟ್ಟಿ ನೋಡಿ, ರೇಷ್ಮೆ ಥರ ಇದೆ."

ರೇಷ್ಮೆಯ ಥರ ಇರಬೇಕಾದರೆ ರೇಷ್ಮೆಯನ್ನೇ ಕೊಳ್ಳುತ್ತಿದ್ದೆ. ಹಿಂದೊಮ್ಮೆ ಇಂಥ ಮಾತಿಗೆ ಮರುಳಾಗಿ ಒಂದು ಅಂಗಿ ಕೊಂಡಿದ್ದೆ. ಮೊದಲನೇ ದಿನವೇ ಕಾರಿನ ಸೀಟಿಗೂ ನನ್ನ ಬೆನ್ನಿಗೂ ಅಂಟು ಹಾಕಿದ ಹಾಗೆ ಕೂತಿತ್ತು. ಅಂದಿನಿಂದ ಬಟ್ಟೆ ಕೊಳ್ಳುವ ಮೊದಲು ಪರೀಕ್ಷೆ ಮಾಡದೆ ಬಿಡುವುದಿಲ್ಲ. ಶೀಟಿನ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಬಿಟ್ಟೆ. ಏನೂ ಆಗದ ಹಾಗೆ ಬಿಚ್ಚಿಕೊಂಡಿತು. ನೀರಿನ ಬಾಟಲಿ ತೆಗೆದು ಒಂದು ಹನಿ ಬಿಟ್ಟೆ. ಹನಿ ಗೋಲಿಯಂತೆ ಉರುಳಿ ಅವನ ಮೇಜಿನ ಮೇಲೆ ಬಿತ್ತು.

"ನೀರನ್ನೇ ಕುಡಿಯದ್ದು ಬೆವರು ಕುಡಿಯುತ್ತೇನ್ರೀ?"

"ಇದು ಸ್ವಲ್ಪ ಮಿಕ್ಸು ಮೇಡಂ" ಎಂದು ಅವನು ತಲೆ ಕೆರೆದುಕೊಂಡ. ಆಗಲೇ ನೂರಕ್ಕೆ ನೂರು ಇದ್ದದ್ದು!

ಕೊನೆಗೆ ಮೇಲಿನ ಅರೆಯಿಂದ ಒಂದನ್ನು ಇಳಿಸಿದ. ಮಾಸಲು ಬಿಳಿ, ಹೊಳಪಿಲ್ಲ. ಬೆಳಕಿಗೆ ಹಿಡಿದರೆ ನೂಲು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳುವು. ನೇಯ್ಗೆ ಮಾತ್ರ ಒತ್ತಾಗಿತ್ತು. ಹಿಂಡಿದೆ, ಗೆರೆಗಳು ಗಟ್ಟಿಯಾಗಿ ಕೂತವು. ಹನಿ ಬಿಟ್ಟೆ, ಬಿದ್ದ ಕಡೆಯೇ ಇಂಗಿತು. ಕೆನ್ನೆಗೆ ಒತ್ತಿಕೊಂಡೆ. ತಂಪು.

"ಒರಟು ಅಂತ ಯಾರೂ ತಗೊಳ್ಳಲ್ಲ ಮೇಡಂ" ಅಂದ. "ಹೊಸ ಲಿನನ್ ಹೊಸ ಚಪ್ಪಲಿ ಇದ್ದ ಹಾಗೆ. ಪಳಗಬೇಕು. ಒಗೆದಷ್ಟೂ, ಮಲಗಿದಷ್ಟೂ ಮೆತ್ತಗಾಗುತ್ತೆ."

ಅದನ್ನೂ ಅದೇ ಥರದ ಬಟ್ಟೆಯ ಒಂದು ಸಡಿಲ ಉದ್ದ ಅಂಗಿಯನ್ನೂ ಕಟ್ಟಿಸಿಕೊಂಡು ಬಂದೆ.

"ಲಿನನ್ ಅಂದ್ರೆ ಏನೇ?" ಅಮ್ಮ ಕೇಳಿದಳು.

"ಅಗಸೆ ಗಿಡದ ನಾರಿಂದ ಮಾಡಿದ ಬಟ್ಟೆ."

"ಅಗಸೆ ಬೀಜ ಹೊಟ್ಟೆಗೆ ಒಳ್ಳೇದು ಅಂತ ಗೊತ್ತಿತ್ತು. ಬೆನ್ನಿಗೂ ಆಗುತ್ತಾ?" ಸವರಿದಳು. "ಚೆನ್ನಾಗಿದೆ ಕಣೇ."

ಆ ಮಾತು ಬಂತೆಂದರೆ ಮುಂದಿನದು ಕಪಾಟು. ಹಾಗೇ ಆಯಿತು. ಮರುದಿನ ನೋಡಿದರೆ ಮಂಚದ ಮೇಲೆ ಮತ್ತದೇ ಜಾರುಬಂಡೆ, ಅಮ್ಮನ ಕಣ್ಣ ಕೆಳಗೆ ಅದೇ ಕಪ್ಪು.

"ಯಾರಾದ್ರೂ ಬಂದಾಗ ಹಾಸೋಣ. ಇಷ್ಟು ಒಳ್ಳೇದನ್ನ ನಾನು ಒದ್ದಾಡಿ ಹಾಳು ಮಾಡ್ಲಾ?"

"ಯಾರು ಬರ್ತಾರಮ್ಮ? ಬಂದೋರು ಬೆನ್ನಲ್ಲಿ ಬೆವರುಸಾಲೆ ಇಟ್ಕೊಂಡು ಬರ್ತಾರಾ?" ರೇಗಿದೆ. ಕೂಗಿದೆ. ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತರಕಾರಿ ಹೆಚ್ಚುತ್ತಾ ಕೂತಳು. ಕಲ್ಲಿನ ಮುಂದೆ ಕಿರುಚಿದರೆ ಪ್ರತಿಧ್ವನಿಯಾದರೂ ಬರುತ್ತದೆ.

ಅಂದು ಸಂಜೆ, ರಿವರ್ಸ್ ಕಲಿಯುತ್ತಿದ್ದ ಒಬ್ಬರ ಕಾರಿನಲ್ಲಿ ಕೂತಿದ್ದಾಗ ಹೊಳೆಯಿತು. ಅಮ್ಮನನ್ನು ಮುಂದಕ್ಕೆ ತಳ್ಳಿ ಪ್ರಯೋಜನವಿಲ್ಲ, ಇವಳದ್ದೂ ರಿವರ್ಸ್ ಗೇರೇ. ಮನೆಗೆ ಬಂದವಳೇ ಮುಖ ಸಪ್ಪಗೆ ಮಾಡಿಕೊಂಡೆ.

"ಅಮ್ಮಾ, ಹೋಗ್ಲಿ ಬಿಡು. ಆ ಶೀಟೂ ಅಂಗೀನೂ ನಂಗೇ ಇರ್ಲಿ. ಆದ್ರೆ ತುಂಬ ಒರಟು. ದಿನವಿಡೀ ಸೀಟಲ್ಲಿ ಕೂರೋಳು ನಾನು, ಬೆನ್ನು ಕೆರೆದ್ರೆ ಕಷ್ಟ. ಮಲಗಿ, ಒಗೆದು, ಒಗೆದು, ಮಲಗಿ, ಸ್ವಲ್ಪ ಪಳಗಿಸಿ ಕೊಡ್ತೀಯಾ?"

ಅಮ್ಮ ಚಾಕು ಕೆಳಗಿಟ್ಟಳು. ಕೌಂಟರಿನ ಹಿಂದೆ ಕೂತವಳ ಮುಖ ಬಂತು ಅವಳಿಗೆ.

"ವಾಪಸ್ ಯಾವಾಗ ಬೇಕು?"

"ಅವಸರ ಇಲ್ಲ."

ಆಮೇಲೆ ನೋಡಬೇಕಿತ್ತು ಅವಳ ನಿಷ್ಠೆಯನ್ನು! ಮೊದಮೊದಲು "ಗೋಣಿಚೀಲ ತಂದಿದ್ದಾಳೆ" ಎಂದು ಗೊಣಗಿದಳು, ಆದರೂ ಬಿಡಲಿಲ್ಲ. ಸುಕ್ಕು ಕಂಡು ಇಸ್ತ್ರಿ ಪೆಟ್ಟಿಗೆ ತಂದಳು, ಎಷ್ಟು ತಿಕ್ಕಿದರೂ ಮಲಗಿ ಎದ್ದರೆ ಮತ್ತೆ ಅಷ್ಟೇ ಸುಕ್ಕು, ಸೋತು ಕೈಬಿಟ್ಟಳು. ತಣ್ಣೀರಲ್ಲಿ ಒಗೆದು ನೆರಳಲ್ಲಿ ಹರವುವಳು. ನಾನು ಕೆಲಸಕ್ಕೆ ಹೊರಟರೆ "ನಿನ್ನ ಶೀಟು ಇವತ್ತು ಒಂಚೂರು ಬಗ್ಗಿದೆ" ಎಂದು ವರದಿ ಒಪ್ಪಿಸುವಳು. ಬೆನ್ನು ಒಣಗಿತು. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು. ಒಂದು ಭಾನುವಾರ, ಬಿಸಿಲು ಮಂಚದ ತನಕ ಬಂದರೂ ಏಳದೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಆ ಗೊರಕೆ ಕೇಳಿದೆ. ಸಂತೋಷಕ್ಕೆ ಕಣ್ಣು ತುಂಬಿತು.

ಆದರೆ ನಾನೇ ತೋಡಿದ ಹಳ್ಳ ಒಂದು ದಿನ ಎದುರಿಗೆ ಬಂತು. ಕೆಲಸ ಮುಗಿಸಿ ಬಂದರೆ ಮೇಜಿನ ಮೇಲೆ ಶೀಟು, ಮೂಲೆಗೆ ಮೂಲೆ ಕೂಡಿಸಿ ಮಡಚಿಟ್ಟದ್ದು. ಮೇಲೊಂದು ಚೀಟಿ ಕಟ್ಟಿದ್ದಳು, ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ಕಟ್ಟುತ್ತಿದ್ದಳಲ್ಲ, ಹಾಗೆ.

"ತಗೋ, ಪಳಗಿದೆ" ಅಂದಳು.

ಮುಟ್ಟಿದೆ. ಕರುವಿನ ಕಿವಿಯಷ್ಟು ಮೆತ್ತಗಿತ್ತು. ಆದರೆ ನನ್ನದು ಎಂದು ನಾನೇ ಹೇಳಿದ್ದು. ಈಗ ಬೇಡ ಎನ್ನುವುದು ಹೇಗೆ? ಅವಳಿಗೇ ಕೊಟ್ಟರೆ ಮತ್ತೆ ಕಪಾಟು. ಇಟ್ಟುಕೊಂಡರೆ ಮತ್ತೆ ಅವಳಿಗೆ ಜಾರುಬಂಡೆ.

"ಅಂಗಿ?" ಎಂದೆ, ಸ್ವಲ್ಪ ಸಮಯ ಸಿಗಲೆಂದು.

ಅವಳು ಅದನ್ನೇ ತೊಟ್ಟಿದ್ದಳು. ಅದು ನೀರಿನಂತೆ ಇಳಿಬಿದ್ದಿತ್ತು. "ಅದಿನ್ನೂ ಪಳಗಿಲ್ಲ" ಎಂದು ಕಿಟಕಿಯತ್ತ ತಿರುಗಿದಳು.

ನಾನು ಅವಳ ಕೋಣೆಗೆ ಹೋದೆ. ಮಂಚದ ಮೇಲೆ ಬರೀ ಹಾಸಿಗೆ. "ಅಮ್ಮಾ, ಆ ಮಿಕ್ಸಿ ಶೀಟು ಎಲ್ಲಿ?"

"ನೆಲ ಒರೆಸೋಕೆ ಅಂತ ಹರಿದೆ. ಅದಕ್ಕೂ ಬರಲ್ಲ ಹಾಳಾದ್ದು, ನೀರೇ ಹೀರಲ್ಲ."

"ಮತ್ತೆ ನೀನು ಇವತ್ತು ಏನು ಹಾಸ್ಕೋತೀಯಾ?"

ಅಮ್ಮ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಎಂದೋ ತಂದುಕೊಟ್ಟು, ಕಪಾಟಿನಲ್ಲಿ ಮಲಗಿದ್ದ ಆ ಹೊಸ ಚಪ್ಪಲಿ. ಸುಕ್ಕು ಸುಕ್ಕಾದ ಅಂಗಿಯನ್ನು ಬದಲಿಸುವ ಯೋಚನೆಯೂ ಅವಳಿಗಿದ್ದಂತೆ ಕಾಣಲಿಲ್ಲ.

"ಕಾರು ತೆಗಿ. ಅಂಗಡಿ ಮುಚ್ಚೋಕೆ ಮುಂಚೆ ಹೋಗೋಣ. ಇನ್ನೊಂದು ಶೀಟು ತಗೋಬೇಕು. ಬಣ್ಣ ನಾನೇ ಆರಿಸ್ತೀನಿ, ನಿಂದು ಬರೀ ಮಾಸಲು." ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ ಸೇರಿಸಿದಳು: "ಅದನ್ನೂ ಪಳಗಿಸ್ತೀನಿ. ಆದ್ರೆ ವಾಪಸ್ ಕೇಳಬೇಡ."